ಜಲ್ಲಿ ತೊಳೆಯುತ್ತಿದ್ದ ದೊಡ್ಡ ಮೇಡಂ

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಅನ್ನುತ್ತಾರೆ. ಆಡೋಣ, ಅದಕ್ಕೇನು. ಆದರೆ ನಮ್ಮ ದೊಡ್ಡ ಮೇಡಂ ನೆನಪಾದರೆ ಮೊದಲು ನನ್ನ ಮೂಗಿಗೆ ಬರುವುದು ಬ್ಲೀಚಿಂಗ್ ಪುಡಿಯ ವಾಸನೆ. ಅದರ ಬೆನ್ನಿಗೇ ಬರುವುದು ಸಿಟ್ಟು. ಒಳ್ಳೆಯ ಮಾತು ಆಮೇಲೆ, ಬಹಳ ಹೊತ್ತಾದ ಮೇಲೆ, ಬೇರೆ ದಾರಿಯಿಲ್ಲದೆ ಬರುತ್ತದೆ.

ಶಿಡ್ಲಘಟ್ಟದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಹೆಡ್‌ಮಿಸ್ಟ್ರೆಸ್, ನಾನು ವಿಜ್ಞಾನದ ಟೀಚರು. ದಿನಾ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ. ಬಸ್ಸು ಸರಿಯಾದ ಹೊತ್ತಿಗೆ ಬಂದ ದಿನವೂ ನನಗಿಂತ ಮುಂಚೆ ಅವರು ಗೇಟಿನಲ್ಲಿರುತ್ತಿದ್ದರು. ಗಿಡ್ಡ ಮೈಕಟ್ಟು, ಸೊಂಟಕ್ಕೆ ಎತ್ತಿ ಸಿಕ್ಕಿಸಿದ ಸೆರಗು, ಚರ್ಮ ಸುಲಿದು ಬೆಳ್ಳಗಾದ ಬೆರಳು. ಮಕ್ಕಳಿಗೆ ಅವರು ಗುಡ್ ಮಾರ್ನಿಂಗ್ ಹೇಳಿದ್ದನ್ನು ನಾನು ಕೇಳಿಲ್ಲ. "ಕೈ ತೊಳ್ಕೊಂಡ್ಯೇನಮ್ಮಾ?" ಅದೇ ಅವರ ಗುಡ್ ಮಾರ್ನಿಂಗು.

ಅವರು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಮದುವೆಯಾಗಲಿಲ್ಲ. ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ ಅದೇ ಮನೆಯಲ್ಲೇ ಇದ್ದರು. ನಮ್ಮ ಕಡೆಯವರಿಗೆ ಹುಳು ಮನೆ ಎಂದರೇನು ಅಂತ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಅಲ್ಲಿಗೆ ದೇವರ ಮನೆಗಿಂತ ಹೆಚ್ಚಿನ ಮಡಿ. ಚಪ್ಪಲಿ ಹೊರಗೆ. ಬಾಗಿಲಲ್ಲಿ ಕಾಲು ಅದ್ದಿ, ಬ್ಲೀಚಿಂಗ್ ನೀರಲ್ಲಿ ಕೈ ತೊಳೆದು ಒಳಗೆ ಹೋಗಬೇಕು. ಸೆಂಟು, ಅಗರಬತ್ತಿ, ಸೊಳ್ಳೆ ಬತ್ತಿ ಯಾವುದೂ ಕೂಡದು. ನೆಂಟರಾದರೂ ಹೊಸಬರನ್ನು ಒಳಗೆ ಬಿಡುವುದಿಲ್ಲ. ಹುಳುವಿನ ಹಿಕ್ಕೆ, ತಿಂದು ಬಿಟ್ಟ ಸೊಪ್ಪು ಎಲ್ಲವನ್ನೂ ಆಗಿಂದಾಗ್ಗೆ ತೆಗೆದು ಹಾಕುತ್ತಲೇ ಇರಬೇಕು. ಒಂದು ದಿನ ಉದಾಸೀನ ಮಾಡಿದರೆ ಇಡೀ ಬೆಳೆ ಹೋಯಿತು ಅಂತಲೇ ಲೆಕ್ಕ.

ಮೇಡಂ ಹುಳು ಮನೆಯಿಂದ ಸ್ಕೂಲಿಗೆ ಬಂದರೇ ಹೊರತು ಹುಳು ಮನೆ ಅವರಿಂದ ಹೊರಗೆ ಬರಲಿಲ್ಲ. ಸೆಂಟು ಹಾಕಿಕೊಂಡು ಬಂದ ಇಂಗ್ಲಿಷ್ ಟೀಚರನ್ನು ಆಫೀಸಿನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು. ಬೆಂಚು ಒರೆಸಿದ್ದಾರಾ ಅಂತ ಬೆರಳು ಎಳೆದು ನೋಡುತ್ತಿದ್ದರು. ಯಾರನ್ನಾದರೂ, ಯಾವುದನ್ನಾದರೂ ಅದರ ಪಾಡಿಗೆ ಬಿಡುವುದು ಅವರ ಜಾತಕದಲ್ಲೇ ಬರೆದಿರಲಿಲ್ಲ.

ಇಂಥವರ ಕೈಗೆ ಮೀನಿನ ತೊಟ್ಟಿ ಬಂತು. ಹಳೆಯ ವಿದ್ಯಾರ್ಥಿಗಳು ಸೇರಿ ಸ್ಕೂಲಿಗೆ ಏನಾದರೂ ಕೊಡಬೇಕೆಂದು ಗಾಜಿನ ತೊಟ್ಟಿ ಕೊಟ್ಟರು. ಜೊತೆಗೆ ಒಂದಷ್ಟು ಗಪ್ಪಿ ಮೀನು, ಒಂದು ಪ್ಲಾಸ್ಟಿಕ್ ಗಿಡ. ಆಫೀಸಿನ ಕಿಟಕಿಯ ಪಕ್ಕ ಇಟ್ಟೆವು. ನನಗೆ ಹಿಗ್ಗೋ ಹಿಗ್ಗು. ಯಾಕೆಂದರೆ ಎಲೆ ಬೆಳಕಿನಲ್ಲಿ ಆಹಾರ ತಯಾರಿಸುವಾಗ ಗಾಳಿ ಬಿಡುತ್ತದೆ, ನೀರಿನೊಳಗಿನ ಗಿಡದಲ್ಲಿ ಅದು ಗುಳ್ಳೆಯಾಗಿ ಕಾಣುತ್ತದೆ ಅಂತ ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಗುಳ್ಳೆ ಬರೆದು ಪಾಠ ಮಾಡುತ್ತಿದ್ದೆ. ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಬರೆದು ನಂಬರು ತೆಗೆದುಕೊಳ್ಳುತ್ತಿದ್ದರು. ಗುಳ್ಳೆಯನ್ನು ಕಣ್ಣಾರೆ ಕಂಡ ಒಂದು ಹುಡುಗಿಯೂ ಇರಲಿಲ್ಲ. ಈಗ ನಿಜವಾದ ಗಿಡ ನೆಟ್ಟು ಬಿಸಿಲಲ್ಲಿ ತೋರಿಸಬಹುದಲ್ಲ ಅಂತ ನನ್ನ ಆಸೆ. ಆಸೆ ಅಷ್ಟೇ, ಬೇರೇನಿಲ್ಲ.

ಚಿಕ್ಕಬಳ್ಳಾಪುರದ ಮೀನಿನ ಅಂಗಡಿಯಿಂದ ರಿಬ್ಬನ್ನಿನಂತೆ ಉದ್ದನೆಯ ಎಲೆಯ ಗಿಡ ತಂದೆ. ವ್ಯಾಲಿಸ್ನೇರಿಯಾ ಅನ್ನುತ್ತಾರೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೂ ಜಗ್ಗದ ಗಿಡ. ಮೇಡಂ ಬಳಿ ಪ್ಲಾಸ್ಟಿಕ್ ಗಿಡ ತೆಗೆಯೋಣವಾ ಅಂತ ಕೇಳಿದೆ. ಅವರ ಮುಖ ಅರಳಿತು.

"ನೆಡಣ ನೆಡಣ. ಎಲೆ ಬೆಳೆಯೋದನ್ನ ನೀನು ನನಗೆ ಹೇಳ್ಕೊಡ್ಬೇಕೇನಮ್ಮಾ? ಹಿಪ್ಪುನೇರಳೆ ತೋಟದಲ್ಲಿ ಬೆಳ್ದೋಳು ನಾನು."

ತೊಟ್ಟಿಯ ತಳಕ್ಕೆ ಮಣ್ಣು ಬೇಡ, ಕದಡುತ್ತದೆ ಅಂದರು. ಒಪ್ಪಿದೆ. ಬರೀ ಸಣ್ಣ ಜಲ್ಲಿ ಹಾಕಿದೆವು. ಬರೀ ಜಲ್ಲಿಯಲ್ಲೂ ಈ ಗಿಡ ಬರುತ್ತದೆ. ಜಲ್ಲಿಯಲ್ಲಿ ಸಾರ ಇಲ್ಲ ನಿಜ. ಆದರೆ ಮೀನಿನ ಹಿಕ್ಕೆ, ಉಳಿದ ತಿಂಡಿ ಇಳಿದು ಕಲ್ಲಿನ ಸಂದಿಯಲ್ಲಿ ಕೂರುತ್ತದೆ, ಅದೇ ಗೊಬ್ಬರ. ಸ್ವಲ್ಪ ಸ್ವಲ್ಪ ನೀರು ಬದಲಾಯಿಸುತ್ತ ಜಲ್ಲಿಗೆ ಕೈ ಹಚ್ಚದೆ ಸುಮ್ಮನಿರಬೇಕು. ಸುಮ್ಮನಿರುವುದೇ ಇದರ ಕೆಲಸ. ಆ ಕೆಲಸ ಬಿಟ್ಟು ಉಳಿದೆಲ್ಲ ಕೆಲಸವೂ ಮೇಡಂಗೆ ಬರುತ್ತಿತ್ತು.

ಶನಿವಾರ ಅರ್ಧ ದಿನದ ಸ್ಕೂಲು ಮುಗಿದ ಮೇಲೆ ಅವರು ಸೆರಗು ಸಿಕ್ಕಿಸಿ ಕೂತರೆಂದರೆ ಮುಗಿಯಿತು. ಮೀನು ಬಕೆಟ್ಟಿಗೆ, ಗಿಡ ತಟ್ಟೆಗೆ, ನೀರು ಚರಂಡಿಗೆ. ಜಲ್ಲಿಯನ್ನು ಬಾಂಡ್ಲಿಗೆ ಸುರಿದು, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ನೀರು ತಿಳಿಯಾಗುವವರೆಗೆ ತೊಳೆದು, ಸಿಮೆಂಟ್ ಕಟ್ಟೆಯ ಮೇಲೆ ಒಣಹಾಕುತ್ತಿದ್ದರು. ಸಂಜೆಗೆ ಕಲ್ಲು ಅಕ್ಕಿಯ ಹಾಗೆ ಹೊಳೆಯುತ್ತಿತ್ತು. ಆಮೇಲೆ ಗಿಡಗಳನ್ನು ಒಂದೇ ಅಂತರದಲ್ಲಿ, ಹಿಪ್ಪುನೇರಳೆ ಸಾಲಿನ ಹಾಗೆ, ಮತ್ತೆ ನೆಡುತ್ತಿದ್ದರು. ಸಾಲದ್ದಕ್ಕೆ ಬುಧವಾರ ಒಂದನ್ನು ಮೆಲ್ಲಗೆ ಎಳೆದು, "ಬೇರು ಬಿಟ್ಟಿದ್ಯಾ ನೋಡಣ" ಅನ್ನುತ್ತಿದ್ದರು. ಬಿಟ್ಟಿರುತ್ತಿರಲಿಲ್ಲ. ಹೇಗೆ ಬಿಟ್ಟೀತು?

ಎಲೆ ಗಾಜಿನಂತಾಗಿ ಕರಗಿ ಹೋಯಿತು. ಮತ್ತೆ ತಂದೆ. ಮತ್ತೆ ಕರಗಿತು. ಅಂಗಡಿಯವನು ನನ್ನನ್ನು ಕಂಡರೆ ನಗುವ ಹಾಗಾಯಿತು.

"ಮೇಡಂ, ತೊಳೀಬೇಡಿ. ಆ ಕೊಳೇನೇ ಅದರ ಊಟ."

"ಮೀನಿಗೆ ರೋಗ ಬಂದ್ರೆ?"

"ಬರಲ್ಲ ಮೇಡಂ. ಗಿಡಕ್ಕೆ ಗೊಬ್ಬರ ಬೇಕಲ್ವಾ?"

"ಗೊಬ್ಬರ ತೋಟಕ್ಕೆ ಕಣಮ್ಮಾ. ಮನೆ ಒಳಗೆ ಯಾರಾದ್ರೂ ಹಿಕ್ಕೆ ಇಟ್ಕೊಂಡು ಕೂರ್ತಾರಾ?"

"ಇದು ತೋಟಾನೂ ಹೌದು, ಹುಳು ಮನೇನೂ ಹೌದು ಮೇಡಂ. ಎರಡೂ ಒಂದೇ ಗಾಜಿನ ಒಳಗಿದೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟು ಬಂದರೆ ಅವರಿಗೆ ತೆಲುಗು ಬರುತ್ತಿತ್ತು. "ನೀಕೇಂ ತೆಲುಸಮ್ಮಾ?" ಅಂದರು. ನಿನಗೇನು ಗೊತ್ತು! ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಈ ಮಾತು. ನಗರಗೆರೆಯಲ್ಲಿ ಹುಟ್ಟಿ ಬೆಳೆದವಳು, ರಾಗಿ ನೆಲಗಡಲೆ ಬೆಳೆಯುವ ಊರಿನವಳು, ರೇಷ್ಮೆಯ ಮಡಿ ನಿನಗೆಲ್ಲಿ ಅರ್ಥವಾದೀತು ಅನ್ನುವುದು ಅದರ ತಾತ್ಪರ್ಯ. ಅವತ್ತು ಬಸ್ಸಿನಲ್ಲಿ ಚಿಕ್ಕಬಳ್ಳಾಪುರ ಮುಟ್ಟುವವರೆಗೂ ನಾನು ಮನಸ್ಸಿನಲ್ಲೇ ಅವರೊಡನೆ ಜಗಳವಾಡಿದೆ, ಎಲ್ಲ ಸುತ್ತಿನಲ್ಲೂ ಗೆದ್ದೆ.

ಹಟಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಒಮ್ಮೆ ಅವರೇ ಹೇಳಿದ್ದರು. ಚಿಕ್ಕ ಹುಡುಗಿಯಾಗಿದ್ದಾಗ ಅವರ ಮನೆಯ ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೇನು ಒಂದೆರಡು ದಿನ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೂ ಹುಳು ಕಪ್ಪಾಗಿ ನೀರಾಗಿ ಬಿದ್ದಿದ್ದವು. ರೋಗ. ಅಪ್ಪ ಗುಂಡಿ ತೋಡಿ ಹೂತರು. ಅಮ್ಮ ಹಟ್ಟಿಯ ಮೂಲೆಯಲ್ಲಿ ಕೂತು, ಯಾರು ಕೈ ತೊಳೆಯದೆ ಒಳಗೆ ಬಂದರು ಅಂತ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದರಂತೆ.

"ಎಲ್ಲರನ್ನೂ ಕೇಳಿದ್ಲು. ನನ್ನನ್ನೂ ಕೇಳಿದ್ಲು. ನಾನು ತೊಳ್ದಿದ್ದೆ ಕಣಮ್ಮಾ. ತೊಳ್ದಿದ್ದೆ" ಅಂದು ತಮ್ಮ ಕೈಯನ್ನೇ ನೋಡಿಕೊಂಡರು. ಇಷ್ಟು ವರ್ಷದ ಮೇಲೂ ಸಾಕ್ಷಿ ಹೇಳುತ್ತಿದ್ದರು. ನನಗೆ ಅಯ್ಯೋ ಅನ್ನಿಸಿತು. ಆದರೆ ಆ ಶನಿವಾರವೂ ಜಲ್ಲಿ ತೊಳೆದರು ನೋಡಿ, ಅಯ್ಯೋ ಅನ್ನುವುದೆಲ್ಲ ಹಾರಿಹೋಯಿತು.

ಮನುಷ್ಯರನ್ನೂ ಅವರು ಹೀಗೇ ನೋಡಿಕೊಂಡರು. ಒಂಬತ್ತನೇ ಕ್ಲಾಸಿನ ಒಬ್ಬಳು ಸ್ಕೂಲು ಬಿಟ್ಟು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಹೋಗತೊಡಗಿದಳು. ಮೇಡಂ ದಿನಾ ಬೆಳಿಗ್ಗೆ ಅವಳ ಮನೆಯ ಮುಂದೆ ಹೋಗಿ ನಿಂತರು. ಬೈಯಲಿಲ್ಲ, ಬೇಡಲಿಲ್ಲ. ಬಾಗಿಲಲ್ಲಿ ನಿಂತು ಅವಳ ಅಮ್ಮನನ್ನು "ತಿಂಡಿ ಆಯ್ತೇನಮ್ಮಾ?" ಅಂತ ಕೇಳುವುದು, ಬರುವುದು. ಕೆಲವು ಸಲ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಕೊನೆಗೆ ಆ ತಾಯಿ ಬೇಸತ್ತು, "ಇವರ ಕಾಟ ತಡೆಯೋಕಾಗಲ್ಲ, ಹೋಗೇ ಸ್ಕೂಲಿಗೆ" ಅಂತ ಮಗಳನ್ನು ತಳ್ಳಿದಳು. ಕಾಟ ಅನ್ನುವ ಮಾತನ್ನು ನಾನು ಮನಸಾರೆ ಒಪ್ಪಿದೆ. ಹುಡುಗಿ ಓದು ಮುಗಿಸಿದಳು, ಅದನ್ನೂ ಒಪ್ಪಬೇಕು.

ನನಗೆ ಡೆಂಗಿ ಜ್ವರ ಬಂದು ಮಲಗಿದ್ದಾಗ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದರು. ಗಂಜಿ ಮಾಡಿ ಕುಡಿಸಿದರು, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಎಲ್ಲ ಸರಿ. ಅವರು ಹೋದ ಮೇಲೆ ಎದ್ದು ಅಡುಗೆ ಮನೆಗೆ ಹೋದರೆ ಪಾತ್ರೆಗಳೆಲ್ಲ ಫಳಫಳ, ದೋಸೆ ಹಿಟ್ಟು ಇಲ್ಲ, ಮೊಸರಿನ ಹೆಪ್ಪು ಇಲ್ಲ. ನಮ್ಮಮ್ಮನ ಮನೆಯಿಂದ ತಂದು ವರ್ಷಗಳಿಂದ ಉಳಿಸಿಕೊಂಡು ಬಂದಿದ್ದ ಹೆಪ್ಪು. ಫೋನು ಮಾಡಿದರೆ "ಹುಳಿ ವಾಸನೆ ಬರ್ತಿತ್ತು ಕಣಮ್ಮಾ, ಚೆಲ್ಲಿ ತೊಳ್ದಿಟ್ಟೆ" ಅಂದರು. ಜ್ವರದಲ್ಲಿ ಅಳುವುದಕ್ಕೂ ತ್ರಾಣವಿರಲಿಲ್ಲ.

ಗಿಡದ ವಿಷಯದಲ್ಲಿ ನಾನು ಒಮ್ಮೆ ಮಾತ್ರ ಗೆದ್ದೆ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ, ಪೊರೆ ಬಿಟ್ಟು ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ ಜ್ವರ ಎದ್ದಿತು ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಯಾರೂ ಮುಟ್ಟುವುದಿಲ್ಲ, ಸೊಪ್ಪೂ ಹಾಕುವುದಿಲ್ಲ. ಇದು ನೆನಪಾಗಿ, ಹೊಸದಾಗಿ ನೆಟ್ಟ ಗಿಡದ ಎಲೆ ಕರಗಲು ಶುರುವಾದಾಗ ಅವರ ಮುಂದೆ ನಿಂತು ಹೇಳಿದೆ:

"ಮೇಡಂ, ಗಿಡ ಜ್ವರಕ್ಕೆ ಕೂತಿದೆ. ಹಳೇ ಎಲೆ ಬಿಟ್ಟು ಹೊಸದು ತರುತ್ತೆ."

ಅವರ ಕೈ ನೀರಿನ ಮೇಲೆ ಹಾಗೇ ನಿಂತಿತು.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಜ್ವರಕ್ಕೆ ಕೂತಿರೋದನ್ನ ಮುಟ್ಬಿಡ್ತಿದ್ದೆನಲ್ಲಾ!"

ಅಲ್ಲಿಂದ ತೊಟ್ಟಿಯನ್ನು ಮುಟ್ಟಲಿಲ್ಲ. ಆದರೆ ಬೇರೆಯವರನ್ನೂ ಮುಟ್ಟಲು ಬಿಡಲಿಲ್ಲ, ಆಫೀಸಿನೊಳಕ್ಕೂ ಬಿಡಲಿಲ್ಲ. ಟಿ.ಸಿ. ಕೇಳಲು ಬಂದ ತಂದೆತಾಯಿಗಳು ವರಾಂಡದಲ್ಲಿ ನಿಂತರು. ಬಾಗಿಲಿಗೆ ಒದ್ದೆ ಗೋಣಿಚೀಲ ಬಂತು. ನಾವೆಲ್ಲ ಕಾಲೊರೆಸಿ ಕಳ್ಳರ ಹಾಗೆ ಒಳಗೆ ಹೋಗಿ ಹಾಜರಿ ಹಾಕಿ ಬರುತ್ತಿದ್ದೆವು. ದಿನಕ್ಕೆ ಹತ್ತು ಸಲ "ಜ್ವರ ಎದ್ದಿದ್ಯೇನಮ್ಮಾ?" ಅಂತ ನನ್ನನ್ನು ಕೇಳುವುದು ಬೇರೆ. ಇದೆಲ್ಲ ಸಹಿಸಿದೆ. ಬುಡದಿಂದ ಸೂಜಿಯಂಥ ಹಸಿರು ಎಲೆಯೊಂದು ಎದ್ದಿತು. ಇಬ್ಬರೂ ಗಾಜಿಗೆ ಮೂಗು ಹಚ್ಚಿ ನೋಡಿದೆವು. ಮೇಡಂ ನನ್ನ ಭುಜ ಹಿಡಿದುಕೊಂಡಿದ್ದರು.

ಅಷ್ಟರಲ್ಲಿ ಮೇಲಿನವರು ಸ್ಕೂಲು ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಮಾರನೆಯ ದಿನ ನಾನು ಬಸ್ಸಿಳಿದು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಜಲ್ಲಿ ಒಣಗುತ್ತಿತ್ತು.

"ಜ್ವರ ಎದ್ಮೇಲೆ ಹಾಸಿಗೆ ಬದಲಾಯಿಸ್ಬೇಕಲ್ಲಮ್ಮಾ" ಅಂದರು. ಹುಳುವಿಗೆ ಅದು ಸರಿ. ಜ್ವರ ಎದ್ದ ಹುಳುವಿಗೆ ಅಡಿಯ ಹಿಕ್ಕೆ, ಒಣ ಸೊಪ್ಪಿನ ಹಾಸಿಗೆ ತೆಗೆದು ಹೊಸ ಸೊಪ್ಪು ಕೊಡುತ್ತಾರೆ. ನಾನು ಕೊಟ್ಟ ಹೋಲಿಕೆಯೇ ನನ್ನ ಕುತ್ತಿಗೆಗೆ ಬಂತು. ಸ್ಟಾಫ್ ರೂಮಿಗೆ ಹೋಗಿ ಪುಸ್ತಕವನ್ನು ಟೇಬಲ್ಲಿನ ಮೇಲೆ ಕುಕ್ಕಿದೆ. ಅವರು ಅದನ್ನು ಕೇಳಿಸಿಕೊಂಡು, ಟೇಬಲ್ಲಿನ ಮೇಲೆ ಧೂಳಿದೆಯಾ ಅಂತ ನೋಡಲು ಬಂದರು.

ಅವರು ರಿಟೈರ್ ಆಗುವವರೆಗೂ ಹೀಗೇ ನಡೆಯಿತು. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು ಕೂತಿದ್ದವರು ಮಧ್ಯೆ ಎದ್ದುಹೋಗಿ ತೊಟ್ಟಿಯ ಗಾಜು ಒರೆಸಿ ಬಂದರು. ನನ್ನ ಕೈ ಹಿಡಿದು, "ಒಂದು ಗಿಡ ನಿಂತಿದ್ರೆ ಚೆನ್ನಾಗಿರ್ತಿತ್ತು ಕಣಮ್ಮಾ. ನನ್ನ ಕೈಗುಣಾನೇ ಸರಿಯಿಲ್ವೇನೋ" ಅಂದರು. ಹತ್ತಿಪ್ಪತ್ತು ಸಲ ಹೇಳಿದ್ದನ್ನು ಅವತ್ತೂ ಹೇಳಲು ಬಾಯಿ ತೆರೆದೆ. ಕಣ್ಣಲ್ಲಿ ನೀರಿಟ್ಟುಕೊಂಡವರಿಗೆ ಏನು ಹೇಳುವುದು? ಹಾರ ಸರಿಮಾಡಿ, ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ.

ಅವರು ಹೋದ ಮೇಲೆ ನಾನು ಮಾಡಿದ್ದು ಒಂದೇ: ಏನೂ ಮಾಡದೆ ಇದ್ದದ್ದು. ಒಂದು ಹಿಡಿ ಗಿಡ ತಂದು ನೆಟ್ಟೆ. ನೀರು ಸ್ವಲ್ಪ ತೆಗೆದೆ, ಸ್ವಲ್ಪ ಹಾಕಿದೆ. ಜಲ್ಲಿ ಮೊದಲು ಮಾಸಿತು, ಆಮೇಲೆ ಕಂದಾಯಿತು. ಹಳೆಯ ಎಲೆ ಕರಗಿತು, ಹೊಸದು ಬಂತು. ಬೇರು ಜಲ್ಲಿಯ ಸಂದಿಗಿಳಿಯಿತು, ಬಳ್ಳಿ ಚಾಚಿ ಪಕ್ಕದಲ್ಲಿ ಮರಿ ಎದ್ದಿತು. ಮಳೆಗಾಲ ಕಳೆಯುವ ಹೊತ್ತಿಗೆ ತೊಟ್ಟಿಯಲ್ಲಿ ಮೀನು ಹುಡುಕಬೇಕಾಗಿತ್ತು. ಬಿಸಿಲು ಬಿದ್ದಾಗ ಎಲೆಯಿಂದ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಹತ್ತನೇ ಕ್ಲಾಸಿನ ಹುಡುಗಿಯರು "ಮಿಸ್, ನಿಜವಾಗ್ಲೂ ಬರ್ತಿದೆ ಮಿಸ್!" ಅಂತ ಕೂಗಿದರು. ಬೋರ್ಡಿನ ಮೇಲೆ ನಾನು ಬರೆದದ್ದನ್ನು ಅವರು ಅಲ್ಲಿಯವರೆಗೆ ನಂಬಿರಲಿಲ್ಲ ಅಂತ ಆಗ ಗೊತ್ತಾಯಿತು.

ಒಂದು ಮಧ್ಯಾಹ್ನ ಮೇಡಂ ಬಂದರು. ಪೆನ್ಷನ್ ಕೆಲಸಕ್ಕೆ ಚಿಂತಾಮಣಿಗೆ ಹೋಗಿದ್ದವರು ದಾರಿಯಲ್ಲಿ ಇಳಿದಿದ್ದರು. ಸ್ವಲ್ಪ ಸೊರಗಿದ್ದರು. ತೊಟ್ಟಿಯ ಮುಂದೆ ನಿಂತರು. ನಾನು ಈ ಗಳಿಗೆಗಾಗಿ ವರ್ಷಗಟ್ಟಲೆ ಕಾದಿದ್ದೆ, ಸುಳ್ಳು ಯಾಕೆ ಹೇಳಲಿ. ಹೇಳಬೇಕಾದ ಮಾತೆಲ್ಲ ಬಾಯಿಪಾಠವಾಗಿತ್ತು.

"ಎಷ್ಟು ದಿನ ಆಯ್ತು ತೊಳ್ದು?"

"ನೀವು ಹೋದಾಗಿಂದ ತೊಳೆದಿಲ್ಲ ಮೇಡಂ."

ಬಗ್ಗಿ ಬುಡದ ಕಂದು ಜಲ್ಲಿಯನ್ನು ನೋಡಿದರು. ಆಮೇಲೆ ಮೆಲ್ಲಗೆ, "ಹಂಗಾದ್ರೆ ಅಡ್ಡ ಇದ್ದಿದ್ದು ನಾನೇ" ಅಂದರು.

ಬಾಯಿಪಾಠ ಮಾಡಿದ್ದೆಲ್ಲ ದಂಡವಾಯಿತು. ಈ ಹೆಂಗಸು ಗೆಲ್ಲಲೂ ಬಿಡುವುದಿಲ್ಲವಲ್ಲ ಅಂತ ಮತ್ತೆ ಸಿಟ್ಟು ಬಂತು. ಮನೆ ಬಾಗಿಲಲ್ಲಿ ನಿಂತು ಮಕ್ಕಳನ್ನು ವಾಪಸು ತಂದವರು ನೀವೇ ಅಲ್ಲವಾ ಅಂತ ಹೇಳಬೇಕು ಅನ್ನಿಸಿತು. ಹೇಳಲು ಹೋದರೆ ಭಾಷಣದ ಹಾಗಾಗುತ್ತದೆ ಅಂತ ಕಾಫಿ ತರಿಸಿದೆ. ಅವರು ಕಾಫಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, ಒಂದು ಮರಿ ಗಿಡ ಕೇಳಿದರು. ಪ್ಲಾಸ್ಟಿಕ್ ಚೀಲದಲ್ಲಿ ನೀರು, ಒಂದು ಹಿಡಿ ಕೊಳೆ ಜಲ್ಲಿ, ಮರಿ ಗಿಡ ಹಾಕಿ ಕೊಟ್ಟೆ.

"ಮೇಡಂ, ಮುಟ್ಟಬೇಡಿ."

"ಹೂಂ."

"ಕಿತ್ತು ನೋಡಬೇಡಿ. ಜಲ್ಲಿ ತೊಳೀಬೇಡಿ."

"ಹೂಂ ಕಣಮ್ಮಾ, ಎಷ್ಟು ಸಲ ಹೇಳ್ತೀಯ!"

ನನಗೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಫೋನಿನಲ್ಲಿ ಆಮೇಲೆ ಎಷ್ಟೋ ಸಲ ಮಾತಾಡಿದೆವು. ಸ್ಕೂಲಿನ ಬಗ್ಗೆ ಕೇಳುತ್ತಿದ್ದರು, ತಮ್ಮ ಮಂಡಿನೋವಿನ ಬಗ್ಗೆ ಹೇಳುತ್ತಿದ್ದರು. ಗಿಡದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ವಾರವೇ ತೊಳೆದು ಸಾಯಿಸಿರುತ್ತಾರೆ ಅಂದುಕೊಂಡಿದ್ದೆ.

ಈಚೆಗೆ ಒಂದು ಬೆಳಿಗ್ಗೆ ಅವರ ತಮ್ಮ ಫೋನು ಮಾಡಿದರು. ಮಲಗಿದವರು ಏಳಲಿಲ್ಲವಂತೆ. ಮಣ್ಣು ಮಾಡುವ ಹೊತ್ತಿಗೆ ಹೋಗಲಾಗಲಿಲ್ಲ, ಹನ್ನೊಂದನೆಯ ದಿನದ ತಿಥಿಗೆ ಹೋದೆ. ನಮ್ಮ ಕಡೆ ಅವತ್ತು ಬೆಳಿಗ್ಗೆ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ, ಬಿಂದಿಗೆ ತೊಟ್ಟಿ ಉಜ್ಜಿ, ಮನೆ ಪೂರ್ತಿ ತೊಳೆದು ಸೂತಕ ಕಳೆಯುತ್ತಾರೆ. ಅಂಗಳ ಇನ್ನೂ ಒದ್ದೆಯಾಗಿತ್ತು. ಜಗುಲಿಯ ಮೇಲೆ ಒಂದು ಅಗಲವಾದ ಪಾರದರ್ಶಕ ಡಬ್ಬ ಬೋರಲು ಹಾಕಿತ್ತು. ಪಕ್ಕದ ಮೊರದಲ್ಲಿ ತೊಳೆದು ಹರವಿದ ಜಲ್ಲಿ, ಅಕ್ಕಿಯ ಹಾಗೆ ಬೆಳ್ಳಗೆ.

ನೋಡಿ ಮೈ ಉರಿಯಿತು. ಸಾಯುವವರೆಗೂ ತೊಳೆದರಲ್ಲ ಈ ಮಹಾತಾಯಿ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಅವರ ತಮ್ಮನ ಹೆಂಡತಿ ಬಂದು ಕೈ ಹಿಡಿದುಕೊಂಡರು. "ನೀವೇ ಅಲ್ವಾ ಮಿಸ್ಸು? ಅಕ್ಕ ನಿಮ್ಮ ಮಾತೇ ಆಡೋರು. ಆ ಗಿಡದ ಡಬ್ಬ ನಿಮಗೆ ಕೊಡಣ ಅಂತ ತೊಳ್ದಿಟ್ಟಿದೀವಿ. ಅಬ್ಬಬ್ಬಾ, ಏನು ಪಾಚಿ, ಏನು ಕೊಳೆ! ತೊಳೀತೀನಿ ಅಂದ್ರೆ ನನ್ನ ಮೇಲೆ ರೇಗೋರು. ಯಾರನ್ನೂ ಹತ್ರ ಬಿಡ್ಲಿಲ್ಲ, ತಾವೂ ಕೈ ಹಾಕ್ಲಿಲ್ಲ. ದಿನಾ ಎದುರಿಗೆ ಕೂತ್ಕೊಂಡು, ಕೈ ಮಡಿಲಲ್ಲಿ ಕಟ್ಕೊಂಡು ನೋಡೋರು ಅಷ್ಟೆ."

"ಗಿಡ ಎಲ್ಲಿ?" ಅಂದೆ.

ಅವರು ಹಿತ್ತಲ ಕಡೆ ಕೈ ತೋರಿಸಿದರು. ತಿಪ್ಪೆಯ ಮೇಲೆ, ಹಿಪ್ಪುನೇರಳೆ ಕಡ್ಡಿಗಳ ನಡುವೆ, ಒಂದು ತೆಕ್ಕೆ ಗಿಡ ಬಿದ್ದಿತ್ತು. ಒಂದು ಮರಿ ಕೊಟ್ಟಿದ್ದೆ, ತೆಕ್ಕೆಯಾಗಿತ್ತು. ಬಿಸಿಲಿಗೆ ಎಲೆ ಕಾಗದದ ಹಾಗೆ ಗರಿಗರಿಯಾಗಿತ್ತು. ಎತ್ತಿಕೊಂಡೆ. ಬೇರು ಗೇಣುದ್ದ ಇತ್ತು, ಒಂದಕ್ಕೊಂದು ಹೆಣೆದುಕೊಂಡು, ಬಿಡಿಸಲು ಬಾರದ ಹಾಗೆ. ತಿಂಗಳುಗಟ್ಟಲೆ ಯಾರೂ ಒಮ್ಮೆಯೂ ಕಿತ್ತು ನೋಡದಿದ್ದರೆ ಮಾತ್ರ ಬರುವಂಥ ಬೇರು.

ಸಾವಿನ ಮನೆ, ನೆಂಟರೆಲ್ಲ ಕೂತಿದ್ದಾರೆ ಅನ್ನುವುದೂ ಮರೆತುಹೋಯಿತು.

"ಯಾರ್ರೀ ಇದನ್ನ ತೊಳೆಯೋಕೆ ಹೇಳಿದ್ದು ನಿಮಗೆ?" ಅಂತ ಕೂಗಿಬಿಟ್ಟೆ.

ಆ ಹೆಂಗಸು ಗಾಬರಿಯಾದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು. ಅವರ ಬೆರಳುಗಳೂ ಸುಲಿದು ಬೆಳ್ಳಗಾಗಿದ್ದವು.

"ಇನ್ಯಾರಮ್ಮಾ?" ಅಂದರು. "ಮದುವೆ ಆಗಿ ಈ ಮನೆಗೆ ಬಂದ ದಿನದಿಂದ ಹೇಳ್ಕೊಟ್ಟಿದ್ದೆಲ್ಲಾ ಅಕ್ಕನೇ."